ಬಾಗಿಲಿಲ್ಲದ ಫ್ರಿಜ್ಜು

ವರದಿ ನೂರ ನಲವತ್ತು ಪುಟ. ಮುಖಪುಟದಲ್ಲಿ
ಒಂದು ಎಳೆ ಚಿಗುರು, ಅದನ್ನು ಹೊತ್ತ ಎರಡು ಅಂಗೈ.
ಯಾರ ಅಂಗೈಯೋ, ಉಗುರಲ್ಲಿ ಮಣ್ಣೇ ಇಲ್ಲ.

ಡೊಂಬಿವಲಿಯಿಂದ ಹೊರಟ ಸ್ಲೋ ಲೋಕಲ್ಲಿನಲ್ಲಿ
ನಿಂತೇ ಓದಿದೆ. ‘ಎರಡು ಸಾವಿರದ ನಲವತ್ತಕ್ಕೆ ನಿವ್ವಳ ಸೊನ್ನೆ.’
ಸೊನ್ನೆಗೆ ಇಷ್ಟು ದಪ್ಪ ಅಕ್ಷರ ಬೇಕೆ?
ಪಕ್ಕದಲ್ಲಿ ಮೆಂತ್ಯ ಬಿಡಿಸುತ್ತಿದ್ದವಳು ಇಣುಕಿ
ಪರೀಕ್ಷೆಯಾ, ಅಂದಳು.
ಹೌದು, ನನ್ನದಲ್ಲ, ಒಂದು ಅಂಗಡಿಯದು.

ವಿಕ್ರೋಲಿ. ಮೊದಲು ಚಾವಣಿಗೇ ಹತ್ತಿಸಿದರು.
ಇನ್ನೂರ ಹನ್ನೆರಡು ಸೌರಫಲಕ; ಎಣಿಸಿದೆ, ಇದ್ದವು,
ಜುಲೈ ಮೋಡದಡಿ ಅಂಗಾತ,
ಅರ್ಧ ದಿನ ರಜೆ ಹಾಕಿದ ಗುಮಾಸ್ತರ ಹಾಗೆ.
ಟಿಕ್ಕು.
ಕಾಗದದ ಚೀಲಕ್ಕೂ ಟಿಕ್ಕು. ಅದರೊಳಗೆ ಇಳಿಯುವ ಸೇಬಿಗೆ ಮಾತ್ರ
ಒಂದೊಂದಕ್ಕೂ ಬಿಳಿ ನೊರೆಯ ಸ್ವೆಟರು.

ಆಮೇಲೆ ಹಾಲು ಮೊಸರಿನ ಸಾಲು.
ನಲವತ್ತು ಅಡಿ ಉದ್ದದ ಫ್ರಿಜ್ಜು. ಬಾಗಿಲೇ ಇಲ್ಲ.
ಚಳಿ ತುಳುಕಿ, ನೆಲಕ್ಕಿಳಿದು, ಗಿರಾಕಿಗಳ ಹಿಮ್ಮಡಿ ನೆಕ್ಕಿ
ಗೋಧಿಹಿಟ್ಟಿನವರೆಗೂ ಹೋಗಿ ಬರುತ್ತಿತ್ತು.
ಕ್ರೇಟು ಜೋಡಿಸುವ ಹುಡುಗನ ತಲೆಗೆ ಮಂಕಿಟೋಪಿ.

ಮಾಟುಂಗಾದ ಒಂದೂವರೆ ಕೋಣೆಯಲ್ಲಿ ಅಮ್ಮ
ಒಲೆ ಕಡೆ ಮುಖ ಮಾಡಿಯೇ, ಬೆನ್ನಿಗೂ ಕಣ್ಣಿದ್ದವಳಂತೆ:
‘ಏನೇ ಅದು, ಫ್ರಿಜ್ಜಿನ ಮುಂದೆ ತಪಸ್ಸು!
ಹಾಕೇ ಬಾಗಿಲು, ಬಿಲ್ಲು ಕಟ್ಟೋನು ನಿಮ್ಮಪ್ಪ!’

ಇಲ್ಲಿ ಯಾರಪ್ಪ?

‘ಬಾಗಿಲು ಕಂಡರೆ ಕೈ ಹಿಂಜರಿಯುತ್ತೆ, ಮೇಡಂ,’
ಮ್ಯಾನೇಜರ್ ಲಾಲ್ವಾನಿ ನಕ್ಕರು,
‘ಮೊಸರಿಗೆ ಬಂದವರು ಚೀಸೂ ಎತ್ತಬೇಕಲ್ಲ?’
ಪ್ರಾಮಾಣಿಕ ಉತ್ತರ. ನನ್ನ ಪಟ್ಟಿಯಲ್ಲಿ ಅದಕ್ಕೊಂದು ಚೌಕವಿರಲಿಲ್ಲ.

ಯಂತ್ರದ ಕೋಣೆಯಲ್ಲಿ, ಮೊಳೆಗೆ ದಾರ ಕಟ್ಟಿದ ರಿಜಿಸ್ಟರು,
ಇರ್ಫಾನ್ ಮುಕಾದಮನ ದುಂಡು ಕೈಬರಹ:
ಜನವರಿ, ಗ್ಯಾಸು ಎಂಟು ಕಿಲೋ ತುಂಬಿದೆ.
ಮಾರ್ಚಿ, ಹನ್ನೊಂದು. ಮೇ, ಹದಿನೈದು.
ಮೊದಲು ತುಂಬಿದ್ದು ಎಲ್ಲಿ ಹೋಯಿತು, ಇರ್ಫಾನ್‌ಭಾಯಿ?
ಅವನು ಮಾತಾಡಲಿಲ್ಲ. ಗದ್ದ ಎತ್ತಿ ಆಕಾಶ ತೋರಿಸಿದ,
ತೀರಿಹೋದವರ ವಿಳಾಸ ಹೇಳುವಂತೆ.

ಒಂದು ಕಿಲೋ ಆ ಗ್ಯಾಸು, ನಾಲ್ಕು ಸಾವಿರ ಕಿಲೋ ಇಂಗಾಲದ ಹೊಗೆಗೆ ಸಮ.
ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿದೆ, ಗುಣಿಸಿದೆ:
ಚಾವಣಿ ವರ್ಷವಿಡೀ ದುಡಿಯುವುದನ್ನು
ಈ ಕಣ್ಣಿಗೆ ಕಾಣದ ತೂತು
ಮಳೆಗೆ ಮೊದಲೇ ತಿಂದು ತೇಗಿತ್ತು.
ನೂರ ಮೂವತ್ತೊಂದನೇ ಪುಟ, ಅಡಿಟಿಪ್ಪಣಿ, ಇರುವೆ ಸಾಲು:
‘ಶೈತ್ಯಾನಿಲ ಈ ಲೆಕ್ಕದಲ್ಲಿ ಸೇರಿಲ್ಲ.’

ಹಿಂದಿನ ಬಾಗಿಲಿಂದ ಗಲ್ಲಿಗಿಳಿದೆ.
ಆರು ದೊಡ್ಡ ಫ್ಯಾನು, ಒಳಗಿನ ಕಾವನ್ನೆಲ್ಲ
ಹೊರಗೆ ಉಗಿಯುತ್ತ. ಅದರೆದುರು ಹಗ್ಗ.
ಹಗ್ಗದ ತುಂಬ ಮುನಿಸಿಪಲ್ ಶಾಲೆಯ ನೀಲಿ ಚಡ್ಡಿಗಳು
ಗಾಳಿ ತುಂಬಿಕೊಂಡು,
ಮಕ್ಕಳಿಲ್ಲದೆಯೇ ಓಡುತ್ತಿದ್ದವು.

ವಚ್ಛಲಾ ಧೋತ್ರೆ, ಹಲ್ಲಲ್ಲಿ ಕಚ್ಚಿದ ಕ್ಲಿಪ್ಪು ತೆಗೆದು:
‘ಹದಿನಾರು ಮನೆ ಬಟ್ಟೆ, ಬಾಯಿ. ಮಳೆಗಾಲಕ್ಕೆ ಇದೇ ನಮ್ಮ ಬಿಸಿಲು.’
ಮೇ ತಿಂಗಳಲ್ಲಿ?
‘ಮೇನಲ್ಲಿ ಕಿಟಕಿ ಮುಚ್ಚಿ ಒಳಗೆ ಬೇಯ್ತೀವಿ.’

ಹೇಳಿಬಿಟ್ಟೆ: ಒಳಗೆ ಬಾಗಿಲು ಕೂಡಿಸಿ ಅಂತ ಬರೆಯುವವಳಿದ್ದೇನೆ,
ಆಮೇಲೆ ಈ ಫ್ಯಾನು ಇಷ್ಟು ಉಸಿರು ಬಿಡುವುದಿಲ್ಲ.
ಅವಳು ಒಂದು ಅಂಗಿ ಕೊಡವಿದಳು, ಕಂಕುಳು ಮುಟ್ಟಿ ನೋಡಿದಳು,
ಇನ್ನೂ ತೇವ. ಬೆರಳಲ್ಲಿ ಏನೋ ಎಣಿಸಿದಳು.
‘ಬರೀರಿ, ಬರೀರಿ. ಒಳ್ಳೇದೇ.
ಗಣಪತಿ ಮುಳುಗಿದ ಮೇಲೆ ಅಂತ ಬರೀರಿ.’

ಮರಳುವ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು.
ಹತ್ತಕ್ಕೆ ಎಷ್ಟು? ಭಾಂಡುಪ್‌ನಲ್ಲಿ ಆರು ಹಾಕಿದ್ದೆ,
ಮುಲುಂಡಿನಲ್ಲಿ ಮೂರು.
ಠಾಣೆ ದಾಟಿದ ಮೇಲೆ ಎರಡನ್ನೂ ಅಳಿಸಿ
ಷರಾದ ಕಾಲಮಿನಲ್ಲಿ, ಕಂಪನಿಯ ಭಾಷೆ ಮರೆತು,
ಅಮ್ಮನ ಮಾತನ್ನೇ ಬರೆದೆ.
ಅದರ ಕೆಳಗೆ, ಸಣ್ಣಕ್ಷರದಲ್ಲಿ, ವಚ್ಛಲೆಯ ತಾರೀಖು.